ಮೈಕ್ ನಿಂತ ಹೊತ್ತು

ಮದುವೆ ಮನೆಯಲ್ಲೋ ಸಭೆಯಲ್ಲೋ ಮೈಕ್ ತಟ್ಟನೆ ನಿಂತುಹೋದರೆ ಎಲ್ಲರೂ ಮೈಕಿನವನ ಕಡೆ ತಿರುಗುತ್ತಾರೆ. ನಾನು ಬಾಗಿಲು ಎಲ್ಲಿದೆ ಅಂತ ಹುಡುಕುತ್ತೇನೆ. ಹೆಂಡತಿಗೆ ಇದು ಗೊತ್ತು. ನನ್ನ ಮೊಣಕೈ ಹಿಡಿದುಕೊಳ್ಳುತ್ತಾಳೆ. ಇದಕ್ಕೆಲ್ಲ ಕಾರಣ ಘೋಡಗೇರಿಯ ನಮ್ಮ ಕ್ರಿಕೆಟ್ ಕ್ಲಬ್ಬು. ಆ ವರ್ಷ ನಾವು ಫೈನಲ್ ಸೋತೆವು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ಕೇಳುವುದು ಅದೊಂದನ್ನೇ, ನನಗೆ ಸಿಟ್ಟು ಬರುತ್ತದೆ.

ನಮ್ಮ ಗ್ರೌಂಡ್ ಅಂದರೆ ಊರ ಹೊರಗಿನ ಒಂದು ಬರಡು ನೆಲ. ಒಂದು ಕಡೆ ರಸ್ತೆ, ಉಳಿದ ಮೂರು ಕಡೆ ಕಬ್ಬು. ಸಂಕ್ರಾಂತಿ ಮುಗಿದ ಮೇಲೆ ಶನಿವಾರ, ಭಾನುವಾರ ಮ್ಯಾಚು. ಕಲ್ಲೋಳಿಯವರು ಬರುತ್ತಿದ್ದರು, ಕುಲಗೋಡದವರು ಬರುತ್ತಿದ್ದರು, ಬೈಕಿನ ಮೇಲೆ ಮೂರು ಮೂರು ಜನ, ಮಧ್ಯದವನ ತೊಡೆಯ ಮೇಲೆ ಕಿಟ್ ಬ್ಯಾಗು. ಆಡುವವರಲ್ಲಿ ಒಬ್ಬನಿಗೂ ಪೂರ್ತಿ ಬಿಡುವು ಇರಲಿಲ್ಲ. ಯಾರೋ ಹಾಲು ಹಾಕಿ ಬರಬೇಕು, ಯಾರೋ ಮೋಟಾರು ಚಾಲೂ ಮಾಡಿ ಬರಬೇಕು. ನಾನು ಮೂಡಲಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಭಾನುವಾರದ ರಜೆಯನ್ನು ಮಾಲೀಕರ ಹತ್ತಿರ ಹಲ್ಲು ಗಿಂಜಿ ಪಡೆಯುತ್ತಿದ್ದೆ.

ನಾನು ಆಡುತ್ತಿದ್ದ ಆಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬ್ಯಾಟಿಂಗಿಗೆ ಹತ್ತನೆಯವನು. ಬೌಲಿಂಗ್ ಕೇಳಿದರೆ ಕ್ಯಾಪ್ಟನ್ ಬೇರೆ ಕಡೆ ನೋಡುತ್ತಿದ್ದ. ಓಡುವುದು ನಿಧಾನ ಅಂತ ನನ್ನನ್ನು ದೂರದ ಬೌಂಡರಿಗೆ ನಿಲ್ಲಿಸುತ್ತಿದ್ದರು, ಕಬ್ಬಿಗೆ ಬೆನ್ನು ಹಾಕಿ. ನಮ್ಮಲ್ಲಿ ಒಂದು ಕಟ್ಟು ಇತ್ತು: ಯಾರ ತಲೆಯ ಮೇಲಿಂದ ಚೆಂಡು ಕಬ್ಬಿನೊಳಗೆ ಹೋಗುತ್ತದೋ ಅವನೇ ಒಳಗೆ ಹೋಗಿ ತರಬೇಕು. ಆ ಚೆಂಡು ಸಿಗುವವರೆಗೆ ಇನ್ನೊಂದು ಚೆಂಡು ತೆಗೆಯುವಂತಿಲ್ಲ. ಹೊಸ ಚೆಂಡು ಬಂದರೆ ಒಂದು ತಂಡಕ್ಕೆ ಅನುಕೂಲ, ಇನ್ನೊಂದಕ್ಕೆ ನಷ್ಟ ಅಂತ ಹಿಂದೆ ಜಗಳಗಳಾಗಿದ್ದವು.

ನನಗೆ ಕಬ್ಬಿನ ಭಯವಿತ್ತು. ಕಬ್ಬಿನ ಊರಲ್ಲಿ ಹುಟ್ಟಿದವನಿಗೆ ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಹಾವಿನ ಭಯವೂ ಇತ್ತು, ಅದು ಎಲ್ಲರಿಗೂ ಇರುತ್ತದೆ. ನನ್ನ ಭಯ ಬೇರೆ. ಬೆಳೆದ ಕಬ್ಬಿನೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಹಿಂದೆ ಬಂದ ದಾರಿ ಮುಚ್ಚಿಕೊಳ್ಳುತ್ತದೆ. ಎತ್ತ ತಿರುಗಿದರೂ ಅದೇ ಗರಿ, ಅದೇ ಜಲ್ಲೆ. ಮೇಲೆ ಕೈಯಗಲ ಆಕಾಶ. ಸಾಲು ಹಿಡಿದು ನಡೆದರೆ ಹೊರಗೆ ಬರಬಹುದು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಹೊಲದ ಕಬ್ಬು ಗಾಳಿಗೆ ಮಲಗಿ ಸಾಲುಗಳೆಲ್ಲ ಕಲಸಿಹೋಗಿದ್ದವು. ಒಳಗೆ ಹೊಕ್ಕಾಗಲೆಲ್ಲ ನನಗೆ ಅನಿಸುತ್ತಿದ್ದದ್ದು ಒಂದೇ, ನಾನು ಇನ್ನು ಹೊರಗೆ ಬರುವುದಿಲ್ಲ.

ಹೆಂಡತಿಗೆ ಮಾತ್ರ ಇದನ್ನು ಹೇಳಿದ್ದೆ. ಅವಳು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ಅಂಜಿಕಿ ಬರ್ತೈತಿ ಅಂತ ಹೇಳ್ರಿ ಅವರಿಗೆ. ಅದರಾಗ ಏನೈತಿ," ಅಂದಳು.

ಅದರಲ್ಲಿ ಏನಿತ್ತು ಅಂದರೆ ನಮ್ಮ ಕಾಕಾ ಇದ್ದ. ಅಪ್ಪನ ತಮ್ಮ. ಆಡುವ ವಯಸ್ಸು ಮುಗಿದ ಮೇಲೆ ಮೈಕ್ ಹಿಡಿದವನು. ರಸ್ತೆಯ ಬದಿಗೆ ನಿಲ್ಲಿಸಿದ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ಅವನ ಕಾಮೆಂಟರಿ. ದೂರದ ಹೊಲಗಳಲ್ಲಿ ಕಳೆ ಕೀಳುವವರಿಗೂ ಸ್ಕೋರು ಗೊತ್ತಿರುತ್ತಿತ್ತು. ಯಾರನ್ನೂ ಬಿಡುತ್ತಿರಲಿಲ್ಲ, ನನ್ನನ್ನಂತೂ ಹುರಿದು ಮುಕ್ಕುತ್ತಿದ್ದ. ನಾನು ಕಬ್ಬಿನ ಅಂಚಿಗೆ ನಿಂತು ಅನುಮಾನಿಸಿದರೆ ಸಾಕು, "ನಮ್ಮ ಹುಲಿ ಕಬ್ಬಿನ ಮುಂದ ನಿಂತ ವಿಚಾರ ಮಾಡಾಕತ್ತೈತಿ" ಅಂತ ಊರಿಗೆಲ್ಲ ಕೇಳಿಸುತ್ತಿತ್ತು. ಜನ ನಗುತ್ತಿದ್ದರು. ನಾನು ಮುಖ ಕೆಂಪು ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಆದರೆ ಒಂದು ಗುಟ್ಟು ನನ್ನ ಹತ್ತಿರವೇ ಇತ್ತು. ಒಳಗೆ ಹೋದ ಮೇಲೆ ನಾನು ಹೊರಗೆ ಬರುತ್ತಿದ್ದದ್ದು ಅವನ ದನಿ ಹಿಡಿದೇ. ಚೆಂಡು ಸಿಕ್ಕ ಕೂಡಲೇ ನಿಂತು ಕಿವಿಗೊಡುತ್ತಿದ್ದೆ. ಆಟ ನಿಂತಿದ್ದರೂ ಕಾಕಾನ ಬಾಯಿ ನಿಲ್ಲುತ್ತಿರಲಿಲ್ಲ, ನನ್ನ ನಡಿಗೆ, ನನ್ನ ಹೊಟ್ಟೆ, ಎಲ್ಲ ಬರುತ್ತಿತ್ತು. ಆ ಬೈಗುಳ ಎಲ್ಲಿಂದ ಬರುತ್ತಿದೆಯೋ ಅತ್ತ ಹೆಜ್ಜೆ ಹಾಕಿದರೆ ಬಯಲು ಸಿಗುತ್ತಿತ್ತು. ಸಿಟ್ಟು ಮಾಡಿಕೊಳ್ಳುತ್ತಲೇ ಅವನ ದನಿಗೆ ಜೋತುಬಿದ್ದು ಬರುತ್ತಿದ್ದೆ.

ವಾರ ಕಳೆದಂತೆ ಭಯ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಒಂದು ಕಡೆಯದನ್ನು ಕಡಿದವು, ಮುಂದಿನ ವಾರ ಇನ್ನೊಂದು ಕಡೆಯದನ್ನು. ಉಳಿದದ್ದು ನನ್ನ ಬೆನ್ನ ಹಿಂದಿನ ಹೊಲ ಒಂದೇ. ಸುತ್ತಲಿನ ಹೊಲಗಳಲ್ಲಿದ್ದ ಜೀವಗಳೆಲ್ಲ ಎಲ್ಲಿಗೆ ಹೋಗಬೇಕು? ಅಲ್ಲಿಗೇ ಬಂದು ಸೇರಿದವು. ಕುಲಗೋಡದವರ ಮ್ಯಾಚಿನಲ್ಲಿ ಒಂದು ಕಾಡುಹಂದಿ ನನ್ನ ಪಕ್ಕದಿಂದಲೇ ಹೊರಬಿದ್ದು ಪಿಚ್ಚಿನ ಮೇಲೆ ಹಾದು ರಸ್ತೆ ದಾಟಿತು. ಎಲ್ಲರೂ ಶಿಳ್ಳೆ ಹಾಕಿ ನಕ್ಕರು. ನಾನು ಆ ಓವರ್ ಮುಗಿಯುವವರೆಗೆ ಕಬ್ಬಿನ ಕಡೆಗೇ ಮುಖ ಮಾಡಿ ನಿಂತೆ. ರಾತ್ರಿ ಹಾಸಿಗೆಯಲ್ಲಿ, ಮುಂದಿನ ವಾರ ಮಳೆ ಬರಲಿ ಅಂತ ಬೇಡಿಕೊಂಡೆ. ಆ ತಿಂಗಳಲ್ಲಿ ನಮ್ಮ ಕಡೆ ಮಳೆ ಎಲ್ಲಿಂದ ಬರಬೇಕು.

ಸೆಮಿಫೈನಲ್ ಭಾನುವಾರ ಮಧ್ಯಾಹ್ನ, ಕಲ್ಲೋಳಿಯವರ ಮೇಲೆ. ರಸ್ತೆಯುದ್ದಕ್ಕೂ ಬೈಕುಗಳು. ಕಲ್ಲೋಳಿಯ ಎಡಗೈ ಆಟಗಾರನೊಬ್ಬ ಬಂದವನೇ ಬೀಸತೊಡಗಿದ. ಅವನ ಒಂದು ಹೊಡೆತ ನನ್ನ ತಲೆಯ ಮೇಲಿಂದ ಎಷ್ಟು ಎತ್ತರಕ್ಕೆ ಹೋಯಿತೆಂದರೆ ಚೆಂಡು ಕಣ್ಣಿಗೇ ಬೀಳಲಿಲ್ಲ. ಕಬ್ಬಿನೊಳಗೆ ದೂರದಲ್ಲೆಲ್ಲೋ ಸರಕ್ ಅಂದದ್ದು ಕೇಳಿಸಿತು. ಮೈಕಿನಲ್ಲಿ ಕಾಕಾ ಶುರು ಮಾಡಿದ. ಕ್ಯಾಪ್ಟನ್ ಬೇಗ ಬೇಗ ಅಂತ ಕೈ ಮಾಡಿದ. ನಾನು ಒಳಗೆ ಹೋದೆ.

ಆ ಹೊಲಕ್ಕೆ ಅವತ್ತೇ ಗ್ಯಾಂಗು ಬಂದಿತ್ತು. ಅದು ನನಗೆ ಗೊತ್ತಿರಲಿಲ್ಲ, ಆಡುತ್ತಿದ್ದ ಯಾರಿಗೂ ಗೊತ್ತಿರಲಿಲ್ಲ. ಕಡಿಯುವ ಮೊದಲು ಹೊಲಕ್ಕೆ ಬೆಂಕಿ ಹಚ್ಚುವುದು ನಮ್ಮಲ್ಲಿ ರೂಢಿ. ಒಣಗಿದ ಗರಿಯ ರವದಿ ಸುಟ್ಟುಹೋಗುತ್ತದೆ, ಹಾವು ಓಡುತ್ತವೆ, ಕುಡುಗೋಲು ಹಾಕುವುದು ಸಲೀಸು. ಹಚ್ಚುವ ಮೊದಲು ಒಬ್ಬ ಬದುವಿನ ಮೇಲೆ ನಡೆಯುತ್ತ, ಒಳಗೆ ಯಾರಾದರೂ ಇದ್ದೀರಾ ಅಂತ ಕೂಗಬೇಕು. ಅವತ್ತೂ ಕೂಗಿದ್ದರು. ಮೈಕಿನ ಅಬ್ಬರದಲ್ಲಿ ಆ ಕೂಗು ಮುಳುಗಿತು. ಬಯಲಿನ ಕಡೆಗೆ ಬೆಂಕಿ ಬಂದರೆ ಅಲ್ಲಿಗೇ ನಿಲ್ಲುತ್ತದೆ ಅಂತ ಆಚೆ ತುದಿಯಿಂದ ಹಚ್ಚಿದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

ಮೊದಲು ನನಗೆ ಬಂದದ್ದು ವಾಸನೆ. ಬೆಲ್ಲದ ಗಾಣದ ಹತ್ತಿರ ಬರುವಂಥ ಸಿಹಿ ವಾಸನೆ, ಹೆದರುವಂಥದ್ದಲ್ಲ. ಚೆಂಡು ಕೈಗೆ ಸಿಕ್ಕಿತ್ತು. ಆಮೇಲೆ ಚಟಪಟ ಸದ್ದು, ಯಾರೋ ಓಡಿ ಬಂದಂತೆ ಹತ್ತಿರ ಹತ್ತಿರ. ಇಲಿಗಳು ನನ್ನ ಕಾಲಿನ ಮೇಲೆ ಹಾದು ಓಡಿದವು. ತಲೆಯೆತ್ತಿದೆ, ಕೈಯಗಲದ ಆಕಾಶ ಕಪ್ಪಾಗಿತ್ತು.

ಆಗಲೂ ನನಗೆ ಒಂದು ಧೈರ್ಯವಿತ್ತು. ಕಾಕಾ ಮಾತಾಡುತ್ತಿದ್ದ. ಆ ದನಿಯ ಕಡೆ ಮುಖ ಮಾಡಿ ಬಿದ್ದ ಕಬ್ಬನ್ನು ದಾಟುತ್ತ, ಗರಿಗಳು ಮುಖ ಕೊಯ್ಯುತ್ತಿದ್ದರೂ ಬಿಡದೆ ನುಗ್ಗಿದೆ. ಆಗ ಮೈಕ್ ನಿಂತಿತು.

ನಿಲ್ಲಿಸಿದ್ದು ನಮ್ಮ ಕ್ಯಾಪ್ಟನ್. ಹೊಗೆ ಕಂಡದ್ದೇ ಅವನು ಟ್ರೇಲರಿನ ಕಡೆ ಓಡಿ, ಮೈಕ್ ಬಂದ್ ಮಾಡ್ರಿ ಕಾಕಾ, ಅವನ ದನಿ ಕೇಳಬೇಕು ಅಂದನಂತೆ. ತಪ್ಪೇನಿಲ್ಲ, ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಆದರೆ ನನ್ನಲ್ಲಿ ಕೂಗುವ ಶಕ್ತಿಯೇ ಇರಲಿಲ್ಲ. ಬಾಯಿ ತೆರೆದರೆ ಹೊಗೆ, ಕೆಮ್ಮು. ಆಡುವವರು, ನೋಡುವವರು, ಗ್ಯಾಂಗಿನವರು, ಎಲ್ಲರೂ ಹೊಲದ ಸುತ್ತ ಚದುರಿ ನಿಂತು ಒಟ್ಟಿಗೆ ಕೂಗತೊಡಗಿದರು. ಇತ್ತ ಬಾ, ಇತ್ತ ಬಾ. ಎಡದಿಂದ ಇತ್ತ ಬಾ, ಬಲದಿಂದ ಇತ್ತ ಬಾ, ಬೆಂಕಿಯ ಆಚೆಯಿಂದಲೂ ಇತ್ತ ಬಾ. ನಾನು ಒಂದೇ ಜಾಗದಲ್ಲಿ ಗಿರಗಿರ ಸುತ್ತಿದೆ. ಯಾವ ಕಡೆಯಿಂದ ಬಂದೆ ಅನ್ನುವುದು ಹೋಯಿತು. ಬೆಂಕಿ ಯಾವ ಕಡೆಗಿದೆ ಅನ್ನುವುದೂ ಹೋಯಿತು, ಎಲ್ಲ ಕಡೆಯೂ ಬಿಸಿ. ಚಿಕ್ಕಂದಿನಿಂದ ನನಗಿದ್ದ ಭಯ ಇದೇ ಆಗಿತ್ತು, ಇದು ಬಂದೇ ಬರುತ್ತದೆ ಅಂತ ನನಗೆ ಗೊತ್ತಿತ್ತು ಅನ್ನಿಸಿತು. ಮೊಣಕಾಲೂರಿ ಕೂತುಬಿಟ್ಟೆ. ನಾನು ಅತ್ತೆ. ನಾಚಿಕೆಯೇನಿಲ್ಲ.

ಕರ್ರ್ ಅಂತ ಮೈಕ್ ಮತ್ತೆ ಬಂತು.

"ಎಲ್ಲಾರೂ ಬಾಯಿ ಮುಚ್ಚರಿ. ಇತ್ತ ಬಾ ಇತ್ತ ಬಾ ಅಂದ್ರ ಅವಾ ಎತ್ತ ಬರಬೇಕು?"

ಕೂಗಾಟ ಅಡಗಿತು. ಆಮೇಲೆ ಕಾಕಾ ಕಾಮೆಂಟರಿ ಶುರು ಮಾಡಿದ. ಆಡುವವರೆಲ್ಲ ಕಬ್ಬಿನ ಅಂಚಿನಲ್ಲಿ ನಿಂತಿದ್ದಾರೆ, ಪಿಚ್ಚಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ, ಕಾಕಾನ ಮೈಕಿನಲ್ಲಿ ಮಾತ್ರ ಫೈನಲ್ ಮ್ಯಾಚು ನಡೆಯುತ್ತಿದೆ. ಬ್ಯಾಟಿಂಗಿಗೆ ಬಂದವನು ನಾನು.

"ನಮ್ಮ ಹುಲಿ ಬಂತ್ರಿ. ಎದಿ ಮುಂದ ಮಾಡಿ ನಡಕೊಂತ ಬಂತು. ಮೊದಲ್ನೇ ಚೆಂಡು, ಬೀಸಿದಾ, ಸಿಕ್ಸ್. ಯಾರಿಗೂ ಅಂಜೂ ಮಗ ಅಲ್ರಿ ಇವಾ."

ನಾನು ಎದ್ದೆ. ಆ ದನಿ ಒಂದೇ ಕಡೆಯಿಂದ ಬರುತ್ತಿತ್ತು. ಅವನು ಎರಡನೆಯ ಚೆಂಡಿಗೆ ಫೋರ್ ಹೊಡೆಸಿದ, ಮೂರನೆಯದಕ್ಕೆ ಮತ್ತೆ ಸಿಕ್ಸ್. ನನ್ನ ಜೀವಮಾನದಲ್ಲಿ ನಾನು ಹೊಡೆಯದ ಹೊಡೆತಗಳನ್ನೆಲ್ಲ ಆ ಒಂದು ಓವರಿನಲ್ಲಿ ಹೊಡೆದೆ. ಕಣ್ಣು ಮುಚ್ಚಿಕೊಂಡೇ ನಡೆದೆ, ತೆರೆದರೂ ಕಾಣುವಂಥದ್ದೇನೂ ಇರಲಿಲ್ಲ. ಮಧ್ಯೆ ಮಧ್ಯೆ ಅವನ ದನಿ ಒಡೆಯುತ್ತಿತ್ತು. ಆಗೆಲ್ಲ ಇನ್ನೇನು ನಿಂತುಬಿಡುತ್ತದೆ ಅಂತ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಿಲ್ಲಲಿಲ್ಲ. ಬೆನ್ನ ಮೇಲಿನ ಅಂಗಿ ಸುಡುತ್ತಿದೆ ಅನ್ನಿಸಿದಾಗ ಓಡಿದೆ, ಬಿದ್ದೆ, ಎದ್ದೆ. ಕಾಲಿಗೆ ಬರಡು ನೆಲದ ಹರಳು ಸಿಕ್ಕಿತು.

ಯಾರು ಯಾರೋ ನನ್ನನ್ನು ಹಿಡಿದರು, ನೀರು ಸುರಿದರು. ಕ್ಯಾಪ್ಟನ್ ನನ್ನ ಮುಖ ಮುಟ್ಟಿ ಮುಟ್ಟಿ ನೋಡಿದ. ಚೆಂಡು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಬೆರಳು ಬಿಡಿಸಲು ಬರುತ್ತಿರಲಿಲ್ಲ. ಆದರೆ ಮೈಕ್ ಮಾತ್ರ ನಡೆದೇ ಇತ್ತು. ನಾನು ಬಂದದ್ದು ಕಾಕಾನಿಗೆ ಗೊತ್ತಾಗಿರಲಿಲ್ಲ. ಎಲ್ಲರನ್ನೂ ಬಿಡಿಸಿಕೊಂಡು ಟ್ರೇಲರಿನ ಹತ್ತಿರ ಹೋದೆ.

ಅವನು ಕುರ್ಚಿಯಲ್ಲಿ ಕೂತಿರಲಿಲ್ಲ, ನಿಂತಿದ್ದ. ಎರಡೂ ಕೈಯಲ್ಲಿ ಮೈಕ್ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬಾಯಿ ಮಾತ್ರ ನನ್ನನ್ನು ಹೊಗಳುತ್ತಿತ್ತು. ನಾನು ಟ್ರೇಲರ್ ಹತ್ತಿ ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಕಣ್ಣು ತೆರೆಯಲಿಲ್ಲ. ಹೆಗಲು ಕೊಡವಿ ನನ್ನ ಕೈ ತಳ್ಳಿದ.

"ಸರಿ ಆಚಿಗೆ," ಅಂದ, ಮೈಕಿನಲ್ಲೇ. "ನಮ್ಮ ಹುಡುಗ ಇನ್ನೂ ಒಳಗದಾನ."