ಕೊನೆಯ ಕಲ್ಲಿನ ಬುಡ

ಐರಿಶ್ ಹಳ್ಳಿಗಾಡಾದ ಪಶ್ಚಿಮ ಕಾರ್ಕ್‌ನ ನೋನಿ ಕ್ರೌಲಿಗೆ ಎಪ್ಪತ್ತನಾಲ್ಕು ವರ್ಷ. ಮದುವೆಯಾಗಲಿಲ್ಲ. ಹನ್ನೊಂದು ಹಸು ಕಟ್ಟಿದ್ದಾಳೆ, ಬಾಯಿ ಒರಟು. ಅವಳ ಮೇಲಿನ ಹೊಲದಲ್ಲಿ ಐದು ಕಲ್ಲುಗಳು ಸಾಲಾಗಿ ನಿಂತಿದ್ದವು. ಯಾರು ನಿಲ್ಲಿಸಿದರೋ ಯಾರಿಗೂ ತಿಳಿಯದು. ಅವನ್ನು ಕೆದಕಿದವನಿಂದ ಊರಿಗೇ ಕೇಡು ಎಂಬ ನಂಬಿಕೆ. ಆ ಹೊಲಕ್ಕೆ ನೋನಿ ಎಂದೂ ದನ ಬಿಟ್ಟವಳಲ್ಲ. ಭಕ್ತಿ ಎಂದುಕೊಂಡಿದ್ದರು ಊರವರು. ಅದು ಭಯ.

ಅವಳಿಗೆ ಒಂಬತ್ತಾಗಿದ್ದಾಗ ಅಪ್ಪ ಚಿನ್ನದಾಸೆಗೆ ಕೊನೆಯ ಕಲ್ಲಿನ ಬುಡ ಅಗೆದ. ಸಿಕ್ಕಿದ್ದು ಬರೀ ಬಂಡೆ, ಕಲ್ಲು ಉರುಳಿತು. ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ಕುದುರೆ ಕಟ್ಟಿ ಎಳೆಸಿ ಅದನ್ನು ಮತ್ತೆ ನಿಲ್ಲಿಸಿದ. ಕುದುರೆ ಹಿಡಿದವಳು ನೋನಿ. ಹಸಿ ಮಣ್ಣು ಕಂಡ ಊರು, ಆ ಕಲ್ಲಿಗೆ ಅಂಟಿಕೊಂಡಂತಿದ್ದ ಪಕ್ಕದ ಹೊಲದ ಹರ್ಲಿಯ ಮೇಲೆ ಅನುಮಾನಪಟ್ಟಿತು. ಅಪ್ಪ ತುಟಿ ಬಿಚ್ಚಲಿಲ್ಲ. ಆಮೇಲೆ ಯಾರ ಹಸು ಕಂದು ಹಾಕಿದರೂ ಹರ್ಲಿಯ ಹೆಸರು; ಅವನ ಒಕ್ಕಣೆಗೆ ಒಬ್ಬರೂ ಹೋಗಲಿಲ್ಲ.

ಹೋದ ಏಪ್ರಿಲ್‌ನಲ್ಲಿ ನೋನಿಯ ಒಂದು ಕಡಸು ಬೇಲಿ ಮುರಿದು ಆ ಹೊಲ ಹೊಕ್ಕಿತು. ಮೈ ತಿಕ್ಕಲು ಹೋಗಿ ಕೊನೆಯ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಅದರ ಕೂಗು ಕೇಳಿ ಸಲಿಕೆ ಹಿಡಿದು ಬಂದವನು ಹರ್ಲಿಯ ಮಗ ಟೈಗ್. ನೋನಿ ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ಅವನು ಇಳಿಜಾರಿನ ಬದಿ ಮಂಡಿಯೂರಿ ಕೊನೆಯ ಕಲ್ಲಿನ ಬುಡ ಸಡಿಲಿಸುತ್ತಿದ್ದ.

"ಟೈಗ್, ಮೇಲಿನ ಬದಿಗೆ ಬಾ."

"ಸುಮ್ನಿರು ನೋನಿ. ಕಲ್ಲು ಎರಡು ಬೆರಳು ಸರಿದ್ರೆ ಸಾಕು, ಕಡಸು ಈಚೆ ಬರತ್ತೆ."

"ಕಲ್ಲು ಬೀಳತ್ತೆ."

"ಮೂರು ಸಾವಿರ ವರ್ಷ ನಿಂತಿದ್ದು ಇವತ್ತು ನಿನ್ನ ಮುಖ ನೋಡಿ ಬೀಳತ್ತಾ? ಶಾಪದ ಮಾತಾದ್ರೆ, ಅದು ನಮ್ಮನೇಲಿ ಆಗ್ಲೇ ಇದೆ."

ಕಡಸು ಒದ್ದಾಡಿತು. ಕಲ್ಲಿನ ನೆತ್ತಿ ಅಲುಗಿದ್ದು ನೋನಿಗೆ ಕಂಡಿತು. ಬಗ್ಗಿದ್ದ ಟೈಗ್‌ಗೆ ಕಾಣಲಿಲ್ಲ.

"ಅದು ಮೂರು ಸಾವಿರ ವರ್ಷದ್ದಲ್ಲ. ನಮ್ಮಪ್ಪ ನಿಲ್ಲಿಸಿದ್ದು. ಮೊಣಕಾಲುದ್ದಾನೂ ಆಳ ಇಲ್ಲ. ಕುದುರೆ ಹಿಡಿದಿದ್ದು ನಾನು."

ಟೈಗ್ ಸಲಿಕೆ ಬಿಟ್ಟು ಎದ್ದ. ಅವಳನ್ನೇ ನೋಡುತ್ತ ಮೇಲಕ್ಕೆ ಬಂದ. ಕಡಸು ಮತ್ತೊಮ್ಮೆ ನೂಕಿತು. ಅವನು ಮಂಡಿಯೂರಿದ್ದ ಜಾಗಕ್ಕೇ ಕಲ್ಲು ಬಿತ್ತು. ಸಲಿಕೆಯ ಹಿಡಿ ಮುರಿಯಿತು. ಕಡಸು ಮೈ ಕೊಡವಿ ಮೇಯಲು ಹೋಯಿತು.

"ನಮ್ಮಪ್ಪ ಸಾಯೋ ತನಕ ಒಬ್ಬನೇ ಒಕ್ಕಣೆ ಮಾಡಿದ," ಎಂದ ಟೈಗ್.

"ಗೊತ್ತು."

"ಭಾನುವಾರ ಚರ್ಚ್ ಬಾಗಿಲಲ್ಲಿ ಹೇಳು. ಎಲ್ರೂ ಈಚೆ ಬರೋವಾಗ. ನಾನಲ್ಲ, ನೀನು."

ಹೇಳಿದಳು, ದನಿ ಏರಿಸದೆ, ಯಾವ ನೆಪವನ್ನೂ ಸೇರಿಸದೆ. ಜನ ಕೇಳಿಸಿಕೊಂಡು ಮನೆಗೆ ಹೋದರು.

ಆ ಬೇಸಿಗೆ ಅವಳ ಹುಲ್ಲು ಕೊಯ್ಲಿಗೆ ಒಬ್ಬರೂ ಬರಲಿಲ್ಲ. ಟೈಗ್ ಕೂಡ. ಅವಳು ಯಾರನ್ನೂ ಕೇಳಲಿಲ್ಲ, ಒಬ್ಬಳೇ ಒಟ್ಟಿದಳು.