ಐದು ಗಂಟೆಯ ಬ್ಯಾಚು

ಶಿಡ್ಲಘಟ್ಟದ ಹೂವಿನ ಸರ್ಕಲ್ಲಿನಲ್ಲಿ, ಅರಳಿಕಟ್ಟೆಯ ಎದುರಿನ ಮಹಡಿ ಮೇಲೆ ತನುಜ ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಅವಳ ಕೇರಿಯಿಂದ ಟೈಪಿಂಗ್ ಕಲಿತ ಮೊದಲ ಹೆಣ್ಣು ಅವಳೇ. ಗಂಡ ಕೆಂಪರಾಜು ದಿಬ್ಬೂರಹಳ್ಳಿಯಲ್ಲಿ ಮೇಷ್ಟರು. ಊರಿಗೆ ಕಂಪ್ಯೂಟರ್ ಸೆಂಟರುಗಳು ಬಂದಿದ್ದರೂ ಸರ್ಕಾರಿ ಕೆಲಸದ ಆಸೆಯಿಂದ ಹುಡುಗಿಯರು ಅವಳಲ್ಲಿಗೇ ಬರುತ್ತಿದ್ದರು. ಕಾಲೇಜು ಮುಗಿಸಿ ಬರುವವರದು ಐದು ಗಂಟೆಯ ಬ್ಯಾಚು.

2004ರ ಹೊತ್ತಿಗೆ ಸಂಜೆಯಾದರೆ ಕಟ್ಟೆ ಅಂಬರೀಶನ ಗುಂಪಿನದಾಗಿತ್ತು. ಕುಡಿಯುವುದು, ಬಾಟಲಿ ಒಡೆಯುವುದು, ಹೋಗಿ ಬರುವ ಹೆಣ್ಣುಮಕ್ಕಳಿಗೆ ಅಡ್ಡ ನಿಲ್ಲುವುದು. ಅಂಗಡಿಯವರು ಕಂಡರೂ ಕಾಣದಂತಿದ್ದರು. ಒಂದು ಸಂಜೆ ಸಾದಲಿಯಿಂದ ಟೈಪಿಂಗಿಗೆ ಬರುತ್ತಿದ್ದ ಮಹತಿಯ ಬ್ಯಾಗು ಕಿತ್ತುಕೊಂಡು, ಕೈಯಿಂದ ಕೈಗೆ ಎಸೆಯುತ್ತ, ಅವಳು ಅಳುವವರೆಗೂ ಆಡಿಸಿದರು. ಮಾರನೆಯ ದಿನದಿಂದ ಅವಳು ಬರಲಿಲ್ಲ.

ತನುಜ ಪೊಲೀಸರಿಗೆ ಹೇಳಿದಳು. ಎರಡು ದಿನ ಜೀಪು ಬಂದು ನಿಂತಿತು, ಆಮೇಲೆ ಬರಲಿಲ್ಲ. ಜೀಪು ಬಾರದ ಮೊದಲ ಸಂಜೆಯೇ ಅಂಬರೀಶ ಮಹಡಿ ಹತ್ತಿ ಬಂದ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ.

"ಅಕ್ಕ, ನಮಗೂ ಕಲಿಸ್ಕೊಡ್ತೀರಾ?" ಎಂದ.

ಇಲ್ಲವೆನ್ನಲು ತನುಜಳಿಗೆ ಕಾರಣ ಸಿಗಲಿಲ್ಲ. ಅಂದಿನಿಂದ ಅವನು ದಿನಾ ಬಂದು ಕಿಟಕಿಯ ಪಕ್ಕದ ಮಿಷನ್ನಿಗೆ ಕೂರುತ್ತಿದ್ದ. ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಒಂದೊಂದೇ ಅಕ್ಷರ ಕುಟ್ಟುತ್ತ, ನಡುನಡುವೆ ತಲೆಯೆತ್ತಿ ಹುಡುಗಿಯರನ್ನು ನೋಡುತ್ತಿದ್ದ. ತಪ್ಪು ಎನ್ನುವಂಥದ್ದು ಏನೂ ಇಲ್ಲ. ಆದರೂ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಕೊನೆಗೆ ಆ ಕೋಣೆಯಲ್ಲಿ ಉಳಿದದ್ದು ಅವರಿಬ್ಬರೇ.

ಒಂದು ದಿನ ಏಳುವಾಗ ಅವನು ಹೇಳಿದ: "ಭಾವನೋರಿಗೆ ಗಾಡಿ ನಿಧಾನಕ್ಕೆ ಓಡ್ಸಕ್ಕೆ ಹೇಳಿ ಅಕ್ಕ. ದಿಬ್ಬೂರಹಳ್ಳಿ ರೋಡು ಸರಿಯಿಲ್ಲ."

ಶಾಲೆ ಮುಚ್ಚಿಬಿಡೋಣ ಎಂದ ಕೆಂಪರಾಜು. ತನುಜಳಿಗೂ ಭಯವಿತ್ತು. ಆದರೆ ಮುಚ್ಚಿದರೆ ಆ ಕಟ್ಟೆ ಇನ್ನೆಂದಿಗೂ ಅಂಬರೀಶನ ಗುಂಪಿನದೇ ಆಗುತ್ತದೆ ಎಂಬುದೂ ಹೊಳೆಯಿತು. ಭಾನುವಾರ ಹುಡುಗಿಯರ ಮನೆಮನೆಗೆ ಹೋಗಿ, ಮಕ್ಕಳನ್ನು ಕಳಿಸದಿದ್ದರೂ ಪರವಾಗಿಲ್ಲ, ನೀವು ಬಂದು ಕಟ್ಟೆ ಮೇಲೆ ಕೂತುಕೊಳ್ಳಿ ಎಂದು ತಾಯಂದಿರನ್ನು ಕೇಳಿದಳು. ಮೊದಲ ದಿನ ಬಂದವರು ನಾಲ್ಕೇ ಜನ. ಹೂ ಮಾರುವ ಚಿಕ್ಕವೆಂಕಟಮ್ಮ ತನ್ನ ಬುಟ್ಟಿಯನ್ನು ರಸ್ತೆಬದಿಯಿಂದೆತ್ತಿ ಕಟ್ಟೆ ಮೇಲಿಟ್ಟುಕೊಂಡಳು.

ಹುಡುಗರು ಬಂದು ಸುತ್ತ ನಿಂತರು. ಯಾರೋ ಎಸೆದ ಬಾಟಲಿ ಕಟ್ಟೆಯ ಕಲ್ಲಿಗೆ ಬಡಿದು ಚೂರಾಯಿತು. ಹೆಂಗಸರು ಒಬ್ಬರಿಗೊಬ್ಬರು ಅಂಟಿ ಕುಳಿತರು, ಏಳಲಿಲ್ಲ.

"ರಾ ನಾಯನಾ, ಬಾರಪ್ಪ, ನಿಂತ್ಕೊಂಡೇ ಯಾಕಿದ್ದೀಯ," ಎಂದಳು ಚಿಕ್ಕವೆಂಕಟಮ್ಮ. "ಕೂತ್ಕೊ, ಹೂ ಕಟ್ಟೋದು ಕಲಿಸ್ತೀನಿ."

ದಿನ ಕಳೆದಂತೆ ಹೆಂಗಸರು ಹೆಚ್ಚಿದರು, ಹುಡುಗರು ಕರಗಿದರು. ಅಂಬರೀಶ ಮಹಡಿ ಹತ್ತುವುದನ್ನು ಬಿಟ್ಟ. ಅಷ್ಟು ಸುಲಭವಾಗಿ ಬಿಟ್ಟದ್ದೇ ತನುಜಳಿಗೆ ಸರಿಬರಲಿಲ್ಲ.

ಎರಡು ತಿಂಗಳ ಬಳಿಕ ಕೌನ್ಸಿಲರ್ ಮುನಿಗಂಗಪ್ಪ ಸರ್ಕಲ್ಲಿನಲ್ಲೇ ಶಾಮಿಯಾನ ಹಾಕಿಸಿ, ಸರ್ಕಲ್ ರಕ್ಷಣಾ ಸಮಿತಿ ಮಾಡಿರುವುದಾಗಿ ಘೋಷಿಸಿದ. ಸಮಿತಿಯ ಅಧ್ಯಕ್ಷ ಅಂಬರೀಶ! ತನುಜಳಿಗೆ ಸನ್ಮಾನವೆಂದು ವೇದಿಕೆಗೆ ಕರೆದರು. ಶಾಲು ಹೊದಿಸುತ್ತ ಅಂಬರೀಶ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಅಂದ. ಕೆಳಗಿದ್ದವರಿಗೆ ಅವನ ನಗು ಮಾತ್ರ ಕಂಡಿತು.

ತನುಜ ಮೈಕಿನ ಮುಂದೆ ಹೋಗಿ ನಿಂತಳು.

"ಶಾಲು ಹೊದಿಸ್ತಾ ಈತ ನನಗೇನಂದ ಅಂತ ಹೇಳ್ತೀನಿ. ‘ಮಹತಿ ಈಗ ಚಿಂತಾಮಣಿ ಬಸ್ಸಲ್ಲಿ ಓಡಾಡ್ತಾಳೆ, ಕಿಟಕಿ ಪಕ್ಕಾನೇ ಕೂರ್ತಾಳೆ’ ಅಂದ. ಇಷ್ಟೇ ಅಂದದ್ದು."

ಹಿಂದಿನ ಸಾಲಿನಲ್ಲಿದ್ದ ಮಹತಿಯ ಅಪ್ಪ ದಕ್ಷಿಣಾಮೂರ್ತಿ ಎದ್ದರು. ಜಗಳವೆಂದರೆ ಮೈಲಿ ದೂರ ಇರುವ ಗುಮಾಸ್ತರು ಅವರು. ಮೆಲ್ಲಗೆ ವೇದಿಕೆ ಹತ್ತಿ ಅಂಬರೀಶನಿಗೂ ತನುಜಳಿಗೂ ನಡುವೆ ನಿಂತರು. ಮುನಿಗಂಗಪ್ಪ ಅವಸರದಲ್ಲಿ ವಂದನಾರ್ಪಣೆ ಮಾಡಿಸಿದ. ಆ ಸಮಿತಿಯ ಹೆಸರು ಮತ್ತೆ ಕೇಳಿಬರಲಿಲ್ಲ.

ಮುಂದಿನ ವಾರ ಕೆಂಪರಾಜುವಿನ ಸ್ಕೂಟರಿನ ಬ್ರೇಕ್ ವೈರು ತುಂಡಾಗಿತ್ತು. ಮನೆಯ ಮುಂದೆಯೇ ಗೊತ್ತಾದ್ದರಿಂದ ಜೀವ ಉಳಿಯಿತು. ಈ ಸಲ ಠಾಣೆಗೆ ತನುಜ ಒಬ್ಬಳೇ ಹೋಗಲಿಲ್ಲ. ಕಟ್ಟೆಯ ಹೆಂಗಸರೆಲ್ಲ ಹಿಂದೆ ಬಂದು ಅಂಗಳದಲ್ಲಿ ಕುಳಿತರು. ದೂರಿನಲ್ಲಿ ಅಂಬರೀಶನ ಹೆಸರು ಬರೆಯುವವರೆಗೂ ಯಾರೂ ಎದ್ದು ಹೋಗಲಿಲ್ಲ.

ಅವನು ಊರು ಬಿಟ್ಟ. ಸ್ಕಂದಗಿರಿಯ ಬುಡದಲ್ಲಿ ಬೆಟ್ಟ ಹತ್ತಲು ಬರುವವರ ಗಾಡಿ ಕಾಯುತ್ತಾನೆಂದರು ಕೆಲವರು. ಚಿಕ್ಕಬಳ್ಳಾಪುರದಲ್ಲಿ ದೊಡ್ಡವರ ಕಾರಿನಲ್ಲಿ ಕಂಡೆವೆಂದರು ಇನ್ನು ಕೆಲವರು. ಕಟ್ಟಡದ ಮಾಲೀಕ ಏನೋ ನೆಪ ಹೇಳಿ ತನುಜಳಿಂದ ಮಹಡಿ ಖಾಲಿ ಮಾಡಿಸಿದ. ಅವಳು ಮಿಷನ್ನುಗಳನ್ನು ಚಿಕ್ಕವೆಂಕಟಮ್ಮನ ಓಣಿಯ ಒಂದು ಕೋಣೆಗೆ ಸಾಗಿಸಿದಳು. ಮರುವರ್ಷ ಬ್ಯಾಚು ತುಂಬಿತು. ಸಂಜೆ ಕಟ್ಟೆಯ ಮೇಲೆ ಹೆಂಗಸರು ಕೂರುವುದು ರೂಢಿಯಾಯಿತು. ಅಲ್ಲಿ ಎಲ್ಲ ವಿಷಯವೂ ಬರುತ್ತಿತ್ತು. ಅಂಬರೀಶನ ಮಾತು ಬಂದಾಗ ಮಾತ್ರ ಎಲ್ಲರ ದನಿ ತಾನಾಗಿಯೇ ತಗ್ಗುತ್ತಿತ್ತು.