ನಮ್ಮಾಕಿಯ ಮುಖ, ನಮ್ಮಾಕಿಯ ಬಾಯಿ

ನನಗೆ ಚಿತ್ರ ತೆಗೆಯಲು ಬರುವುದಿಲ್ಲ. ನಾನು ತೆಗೆದ ಎತ್ತನ್ನು ನೋಡಿ ನನ್ನ ಮಗನೇ ಹೆಗ್ಗಣ ಅಂದಿದ್ದ. ನನಗೆ ಬರುವುದು ಮಾತು ಒಂದೇ, ಅದು ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಆದರೂ ತೊಂಬತ್ತರ ದಶಕದಲ್ಲಿ, ಬೈಲಹೊಂಗಲದ ನಮ್ಮ ಓಣಿಯಲ್ಲಿ, ನಾನು ಒಂದು ಕಾಮಿಕ್ಸ್ ಪುಸ್ತಕಕ್ಕೆ ಅರ್ಧ ಒಡತಿಯಾಗಿದ್ದೆ. ಇನ್ನರ್ಧಕ್ಕೆ ಒಡತಿ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ಇದ್ದಾಳೆ, ಗಟ್ಟಿಮುಟ್ಟಾಗಿಯೇ ಇದ್ದಾಳೆ. ನನ್ನ ಹತ್ತಿರ ಇಲ್ಲ, ಅಷ್ಟೇ.

ಮದುವೆಯಾಗಿ ಆ ಮನೆಗೆ ಕಾಲಿಟ್ಟ ಹೊಸದರಲ್ಲಿ ಅವಳ ಮೇಲೆ ನನಗೆ ಸಿಟ್ಟಿತ್ತು. ಹತ್ತಿ ವ್ಯಾಪಾರದ ತುಂಬಿದ ಮನೆ, ಎಲ್ಲರೂ ಒಟ್ಟಿಗೇ ಮಾತಾಡುವವರು. ಅವಳೊಬ್ಬಳು ಮೂಲೆ ಹಿಡಿದು ಕುಳಿತು, ತಲೆದಿಂಬಿನ ಬಟ್ಟೆಯ ಮೇಲೆ ಕಾರ್ಬನ್ ಹಾಳೆ ಇಟ್ಟು ಹೂವು, ಗಿಳಿ ಮೂಡಿಸುತ್ತಿದ್ದಳು. ಓಣಿಯ ಹೆಂಗಸರೆಲ್ಲ ಕಸೂತಿಗೆ ಅವಳ ಕೈಯಿಂದಲೇ ಗೆರೆ ಹಾಕಿಸಿಕೊಂಡು ಹೋಗುತ್ತಿದ್ದರು. ಮಾತಾಡಿಸಿದರೆ ಹೂಂ, ಉಹೂಂ, ಮುಗಿಯಿತು. ಇಂಥವಳ ಜೊತೆ ಜನ್ಮ ಕಳೆಯುವುದು ಹೇಗಪ್ಪಾ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತಿದ್ದೆವು. ಹಿಂದಿನ ದಿನ ಬೀಗಿತ್ತಿಯೊಬ್ಬರು ಬಂದು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ರಂಪ ಮಾಡಿ ಹೋಗಿದ್ದರು. ನಾನು ಅವರ ಅಣಕ ಮಾಡುತ್ತಿದ್ದೆ. ಅಕ್ಕ ಮೊರ ಬದಿಗಿಟ್ಟು, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ಸಿಲಿನಿಂದ ಏನೋ ಗೀಚತೊಡಗಿದಳು. ಬಗ್ಗಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗಿನ ಹೊಳ್ಳೆ ಅರಳಿಸಿ ನಿಂತ ಒಬ್ಬ ಹೆಣ್ಣುಮಗಳು. ಬೀಗಿತ್ತಿಯಲ್ಲ. ನನ್ನ ಹಾಗೂ ಇದ್ದಳು, ಪೂರಾ ನಾನೂ ಅಲ್ಲ.

"ಯಕ್ಕಾ, ಈಕಿ ಏನೋ ಅನ್ನಾಕತ್ತಾಳ ನೋಡು" ಅಂದೆ.

"ಏನ ಅನ್ನಾಕತ್ತಾಳಬೇ?"

"ಸಕ್ಕರಿ ಸಾಕಾಗಲಿಲ್ಲಂದ್ರ ನಿಮ್ಮ ಸೀ ಮಾತ ಕಲಿಸಿಕೊಂಡ ಕುಡೀರಿ ಅನ್ನಾಕತ್ತಾಳ."

ಅಕ್ಕನಿಗೆ ನಗೆ ತಡೆಯಲಾಗಲಿಲ್ಲ. ದನಿ ಹೊರಡಲಿಲ್ಲ, ಭುಜ ಮಾತ್ರ ಕುಣಿದವು. ಆ ಮಾತನ್ನು ಚಿತ್ರದ ತಲೆಯ ಮೇಲೆ ನನ್ನ ಕೈಯಿಂದಲೇ ಬರೆಸಿ, ಸುತ್ತ ಒಂದು ಗೆರೆ ಎಳೆದಳು. ಆ ಹೆಣ್ಣುಮಗಳಿಗೆ ನಾವು ಹೆಸರಿಡಲಿಲ್ಲ. ನಮ್ಮಾಕಿ ಅಂದೆವು, ಓಣಿಯವರು ನಿಮ್ಮಾಕಿ ಅಂದರು, ಅದೇ ಉಳಿಯಿತು.

ಊಟ ಮುಗಿದು, ಗಂಡಸರು ಪೇಟೆಗೆ ಹೋಗಿ, ಅತ್ತೆ ಅಡ್ಡಾದ ಮೇಲೆ ನಮ್ಮ ಕೆಲಸ ಶುರು. ನಾನು ಎದ್ದು ನಿಂತು ನಮ್ಮಾಕಿಯ ಹಾಗೆ ಮಾತಾಡುವುದು, ಅಕ್ಕ ಹಾಳೆಯಲ್ಲಿ ಖಾನೆ ಹಾಕಿಕೊಂಡು ತೆಗೆಯುವುದು. ಮಾತು ಬರೆಯುವ ಗುಳ್ಳೆಗೆ ನಾವು ಪುಗ್ಗಾ ಅನ್ನುತ್ತಿದ್ದೆವು. ನಮ್ಮ ಜಗಳವೆಲ್ಲ ಪುಗ್ಗಾದ್ದೇ. ಅವಳು ನಿಂಬೆಹಣ್ಣಿನಷ್ಟು ಪುಗ್ಗಾ ಬಿಟ್ಟಿರುತ್ತಿದ್ದಳು, ನನ್ನ ಹತ್ತಿರ ಕುಂಬಳಕಾಯಿಯಷ್ಟು ಮಾತಿರುತ್ತಿತ್ತು.

"ಇದರಾಗ ಹ್ಯಾಂಗ ಹಿಡೀತೈತಿ ಯಕ್ಕಾ?"

"ಹಿಡಿಯೂವಷ್ಟ ಮಾತಾಡು. ಮಾರಿ ನೋಡಿದ್ರ ಗೊತ್ತಾಗೂದನ್ನ ಬಾಯಿಲೆ ಯಾಕ ಹೇಳತಿ?"

ಮುಖ ಊದಿಸಿಕೊಂಡು ಅರ್ಧ ಮಾತು ಹೊಡೆದುಹಾಕುತ್ತಿದ್ದೆ. ಉಳಿದರ್ಧವೇ ಚೆನ್ನಾಗಿರುತ್ತಿತ್ತು. ಅದನ್ನು ಅವಳ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಮೊದಲ ಪುಸ್ತಕದ ಕಥೆ ಹೇಳಲೇಬೇಕು. ಅಕ್ಷರ ಅಂದವಾಗಿ ಕಾಣಲಿ ಎಂದು ನಾನು ಗಂಡನ ಪೆನ್ನು ಕದ್ದು, ತೆಳು ನೀಲಿ ಶಾಯಿಯಲ್ಲಿ ಬರೆದಿದ್ದೆ. ಝೆರಾಕ್ಸ್ ಮಾಡಿಸಿ, ಪಿನ್ನು ಹೊಡೆಸಿ, ಮನೆಗೆ ತಂದು ಬಿಚ್ಚಿದರೆ ಒಂದು ಅಕ್ಷರವೂ ಇಲ್ಲ. ಆ ಹಳೆಯ ಮಶೀನು ತೆಳು ನೀಲಿಯನ್ನು ಹಿಡಿಯುವುದಿಲ್ಲವಂತೆ. ಎಲ್ಲ ಖಾನೆಯಲ್ಲೂ ನಮ್ಮಾಕಿ ಬಾಯಿ ತೆರೆದು ನಿಂತಿದ್ದಾಳೆ, ಪುಗ್ಗಾ ಬರಿದು. ನಾನು ಅತ್ತೇಬಿಟ್ಟೆ. ಅಕ್ಕ "ಕೊಟ್ಟರ ನೋಡೂಣು" ಎಂದು ಓಣಿಗೆಲ್ಲ ಹಂಚಿಬಂದಳು. ಸಂಜೆಗೆ ಮನೆಮನೆಯಲ್ಲೂ ನಮ್ಮಾಕಿ ಮಾತಾಡುತ್ತಿದ್ದಳು. ಒಬ್ಬಳು ಅವಳ ಬಾಯಿಂದ ತನ್ನ ನಾದಿನಿಯನ್ನು ಬೈಸಿದಳು, ಇನ್ನೊಬ್ಬಳು ರೇಶನ್ ಅಂಗಡಿಯವನ ಗ್ರಹಚಾರ ಬಿಡಿಸಿದಳು. ಓದಲು ಬಾರದ ನಮ್ಮ ಅತ್ತೆ ಕೂಡ ಒಂದೊಂದೇ ಖಾನೆಗೆ ಬೆರಳಿಟ್ಟು ಕಥೆ ಹೇಳಿ, ಕೊನೆಗೆ ನಮ್ಮ ಕಡೆ ತಿರುಗಿ, "ಎಲ್ಲಾ ಚೊಲೋ ಐತಿ, ಅತ್ತಿ ಮೂಗ ಯಾಕ ಇಷ್ಟ ಉದ್ದ ಮಾಡೀರಿ?" ಅಂದರು. ಅಂದಿನಿಂದ ಕಪ್ಪು ಶಾಯಿ ಬಿಟ್ಟು ಬೇರೆ ಮುಟ್ಟಲಿಲ್ಲ. ಅಕ್ಕ ಮಾತ್ರ ಆ ತಪ್ಪನ್ನೂ ಉಪಯೋಗಕ್ಕೆ ತಂದಳು. ಕಚ್ಚಾ ಗೆರೆಯನ್ನು ತೆಳು ನೀಲಿ ಪೆನ್ಸಿಲಿನಲ್ಲಿ ಎಳೆದರೆ ಅಳಿಸುವ ಕೆಲಸವೇ ಇಲ್ಲವಲ್ಲ.

ಯಾರದೋ ಚೀಲದಲ್ಲಿ ನಮ್ಮ ಪುಸ್ತಕ ಕಿತ್ತೂರು ಮುಟ್ಟಿತು. ಅಲ್ಲಿಯ ಸಾಲಿ ಮಾಸ್ತರರೊಬ್ಬರು ಅದನ್ನು ನೋಡಿ ನಮ್ಮ ಮನೆ ಹುಡುಕಿಕೊಂಡು ಬಂದರು. ಪುರೋಹಿತರ ಮನೆತನದವರು. ಮನೆಯವರಿಗೆ ಗೊತ್ತಾಗದಂತೆ ಕೋಟೆ, ಕುದುರೆ, ಕತ್ತಿಗಳ ಕಾಮಿಕ್ಸ್ ಮಾಡುತ್ತಿದ್ದರು. ಕುದುರೆಗಳಿಗೆ ಜೀವವಿತ್ತು, ಮೇಲೆ ಕುಳಿತವರಿಗೆ ಇರಲಿಲ್ಲ. ಅವರ ಮೂಲಕ ರಾಮದುರ್ಗದ ಹುಡುಗಿಯೊಬ್ಬಳು ಪರಿಚಯವಾದಳು. ಮನೆಯಲ್ಲಿ ಮಗ್ಗ, ಸೀರೆಯ ಅಂಚಿಗೆ ಚಿತ್ತಾರ ಹಾಕುವ ಚೌಕಳಿ ಹಾಳೆಯ ಮೇಲೇ ಅವಳ ಕಥೆಗಳು. ಒಂದೂ ಮಾತಿಲ್ಲದ ಕಥೆಗಳು. ಮಾತಿಲ್ಲದೆ ಕಥೆ ಹೇಗೆ ನಡೆಯುತ್ತದೆ ಎಂದು ನಾನು ಮೂಗು ಮುರಿದಿದ್ದೆ, ನೋಡಿ ಮುಗಿಸಿ ಮತ್ತೆ ಮೊದಲ ಹಾಳೆಯಿಂದ ನೋಡಿದೆ.

ನಾವು ನಾಲ್ವರೂ ಸೇರುತ್ತಿದ್ದುದು ಯರಗಟ್ಟಿಯಲ್ಲಿ, ಬಸ್ ಸ್ಟ್ಯಾಂಡಿನ ಬದಿಯ ಒಂದು ಹೋಟೆಲಿನಲ್ಲಿ. ಎಲ್ಲ ಕಡೆಯ ಬಸ್ಸೂ ಅಲ್ಲಿ ನಿಲ್ಲುತ್ತಿತ್ತು. ಮುಖ್ಯವಾಗಿ, ನೋಡಿ ಹೋಗಿ ಚಾಡಿ ಹೇಳಲು ಯಾರ ನೆಂಟರೂ ಅಲ್ಲಿರಲಿಲ್ಲ. ಅತ್ತೆ ನಮ್ಮ ಕಾವಲಿಗೆ ಬರುತ್ತಿದ್ದರು. ಮಿರ್ಚಿ ಭಜಿ ತಿನ್ನುತ್ತ ಎಲ್ಲರಿಗಿಂತ ಖಾರವಾಗಿ ತಪ್ಪು ಹುಡುಕುತ್ತಿದ್ದರು. ಮಾಸ್ತರರು ಒಂದು ಕಟ್ಟಳೆ ಮಾಡಿದ್ದರು: ಒಬ್ಬರ ಪುಸ್ತಕವನ್ನು ಉಳಿದವರು ಓದುವಾಗ ಮಾಡಿದವರು ಬಾಯಿ ಬಿಡಬಾರದು. ಓದುವವರ ಕಣ್ಣನ್ನಷ್ಟೇ ನೋಡಬೇಕು. ಎಲ್ಲಿ ಅವರು ಹಾಳೆ ಹಿಂದಕ್ಕೆ ತಿರುಗಿಸುತ್ತಾರೋ ಅಲ್ಲಿ ನಾವು ಎಡವಿದ್ದೇವೆ ಎಂದೇ ಅರ್ಥ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. "ಅಲ್ರಿ ಮಾಸ್ತರ್ರ, ಅಲ್ಲಿ ಆಕಿ ಯಾಕ ಹಂಗ ಅಂದ್ಲಂದ್ರ" ಎಂದು ಶುರು ಮಾಡುವುದರೊಳಗೆ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು.

ಆ ಮೇಜು, ಆ ಸವೆದ ಬೆಂಚು, ಎಣ್ಣೆ ಬೆರಳು ತಾಗೀತೆಂದು ಹಾಳೆಯನ್ನು ಎತ್ತಿ ಹಿಡಿದು ಓದುತ್ತಿದ್ದ ಆ ಹುಡುಗಿ, ಎಲ್ಲ ನನಗೆ ಈಗಲೂ ಬೇಕು. ಒಳ್ಳೆಯ ಹೋಟೆಲುಗಳಲ್ಲಿ ಕುಳಿತು ಉಂಡಿದ್ದೇನೆ, ಅಂಥ ಹಸಿವು ಮತ್ತೆ ಬರಲಿಲ್ಲ.

ಆಮೇಲೆ ಮನೆ ಪಾಲಾಯಿತು. ಅಣ್ಣತಮ್ಮಂದಿರು ಅಂಗಡಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದರು. ಜಗಳ ಅವರದು, ಅಂಗಳದಲ್ಲಿ ಎದ್ದ ಗೋಡೆ ನಮ್ಮದು. ಹಿರಿಯರು ಕುಳಿತು ಹಂಡೆ, ಪರಾತ, ಮಂಚ, ಎಮ್ಮೆ, ಬೀಸುವ ಕಲ್ಲನ್ನೂ ಬಿಡದೆ ಹಂಚಿದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನಗೆ ಒಂದೇ ಚಿಂತೆ. ನಮ್ಮಾಕಿಯನ್ನು ಯಾರ ಪಾಲಿಗೆ ಹಾಕುತ್ತಾರೆ? ಕೇಳಿಯೇಬಿಡಬೇಕೆಂದು ಮುಂದೆ ಬಂದೆ. ಅತ್ತೆ ನನ್ನ ಮುಖ ನೋಡಿದರು. ಆ ದಿನ ಅವರ ಕಣ್ಣು ನೋಡಿದ್ದರೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಕೇಳುವವರು ಯಾರೂ ಇಲ್ಲದೆ ನಮ್ಮಾಕಿಯೂ ಪಾಲಾದಳು. ಮುಖ ಆ ಮನೆಗೆ ಹೋಯಿತು, ಬಾಯಿ ಈ ಮನೆಯಲ್ಲಿ ಉಳಿಯಿತು.

ಗೋಡೆಯ ಈ ಕಡೆ ಕುಳಿತರೆ ಆ ಕಡೆ ಅಕ್ಕ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಮಾತಾಡಿಸಿದರೆ ಎರಡೂ ಮನೆಯಲ್ಲಿ ರಾದ್ಧಾಂತ. ನಾನು ಬೇಕೆಂದೇ ಗೋಡೆಗೆ ಕೇಳುವಂತೆ ಮಕ್ಕಳನ್ನು ಬೈಯುತ್ತಿದ್ದೆ, ನಮ್ಮಾಕಿಯ ದನಿಯಲ್ಲಿ. ಆ ಕಡೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಅಷ್ಟೇ ನಮ್ಮ ಮಾತುಕತೆ. ಕೆಲ ಕಾಲದ ಮೇಲೆ ಅವರು ಅಂಗಡಿಯನ್ನು ಸವದತ್ತಿಗೆ ಎತ್ತಿಕೊಂಡು ಹೋದರು. ಸದ್ದೂ ಹೋಯಿತು.

ಕಿತ್ತೂರಿನ ಮಾಸ್ತರರು ಒಳ್ಳೆಯವರು. "ನೀವು ಬರೀರಿ, ನಾ ತೆಗೀತೇನಿ" ಎಂದು ತಾವಾಗಿ ಮುಂದೆ ಬಂದರು. ಒಂದು ಕಥೆ ಬರೆದುಕೊಟ್ಟೆ. ಅವರು ತೆಗೆದ ನಮ್ಮಾಕಿ ನೆಟ್ಟಗೆ, ಅಂದವಾಗಿ, ಕುದುರೆ ಹತ್ತಲು ನಿಂತವಳಂತೆ ಇದ್ದಳು. ನನ್ನ ಮಾತು ಅವಳ ಬಾಯಲ್ಲಿ ಕುಳಿತುಕೊಳ್ಳಲೇ ಇಲ್ಲ. ಇದೇ ಮಾತನ್ನು ಅಕ್ಕನ ಗೆರೆಯವಳು ಅಂದಿದ್ದರೆ ಓಣಿ ನಗುತ್ತಿತ್ತು. ಇಲ್ಲಿ ಅದು ಬರೀ ಜಗಳಗಂಟಿಯ ಮಾತಾಗಿತ್ತು. ಮಾಸ್ತರರಿಗೆ ನೋವಾಗಬಾರದೆಂದು ಮನೆಯಲ್ಲಿ ಕೆಲಸ ಬಹಳ ಅಂದೆ. ಅವರಿಗೆ ಗೊತ್ತಾಯಿತು. ಯರಗಟ್ಟಿಗೆ ಹೋಗುವುದೂ ತಾನಾಗಿ ನಿಂತಿತು. ರಾಮದುರ್ಗದ ಹುಡುಗಿ ಮದುವೆಯಾಗಿ ಮಹಾರಾಷ್ಟ್ರದ ಕಡೆ ಹೋದಳೆಂದು ಆಮೇಲೆ ಕೇಳಿದೆ.

ವರ್ಷಗಳು ಉರುಳಿದವು. ಮಗ ದೊಡ್ಡವನಾದ, ಅತ್ತೆ ತೀರಿಕೊಂಡರು. ಅತ್ತೆಯ ಮಣ್ಣಿಗೆ ಬಂದಾಗಲೂ ಅಣ್ಣತಮ್ಮಂದಿರು ಮುಖ ತಿರುಗಿಸಿಯೇ ನಿಂತಿದ್ದರು. ಅಕ್ಕನನ್ನು ಹೆಂಗಸರ ಗುಂಪಿನಲ್ಲಿ ಕಂಡೆ, ಅಂದು ಮಾತಿನ ದಿನವಾಗಿರಲಿಲ್ಲ. ನನಗೆ ಮಾತ್ರ ಏನೇ ನಡೆದರೂ ನಮ್ಮಾಕಿ ಇದಕ್ಕೆ ಏನನ್ನುತ್ತಿದ್ದಳು ಎಂದು ತಲೆಯಲ್ಲಿ ಮೂಡುತ್ತಿತ್ತು. ಕರೆಂಟು ಹೋದರೂ, ಮೊಬೈಲು ಮನೆಗೆ ಬಂದರೂ, ಮಗನ ಮಾಸ್ತರರು ಕರೆಸಿ ಬುದ್ಧಿ ಹೇಳಿದರೂ ಅವಳದೊಂದು ಮಾತು ಸಿದ್ಧ. ಆಡಿದರೆ ಮುಖವಿಲ್ಲ. ಹಾಗೇ ನುಂಗಿಕೊಂಡೆ.

ಎರಡು ಸಾವಿರದ ಇಸವಿಯ ಆಚೆಗೆ, ಕಟಕೋಳದಲ್ಲಿ ನಮ್ಮವರ ಒಂದು ಮದುವೆ. ಎರಡೂ ಕಡೆಯವರಿಗೆ ಕರೆ ಬಂದಿತ್ತು. ಊಟವಾದ ಮೇಲೆ ಗಂಡಸರು ಹಂದರದ ಎರಡು ತುದಿಗೆ ಕುಳಿತರು. ನಾನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಕೈ ಚೊಂಬಿನತ್ತ ಚಾಚಿತು. ಬೆರಳ ತುದಿಗೆ ಕಪ್ಪು ಶಾಯಿ ಹತ್ತಿತ್ತು. ಮುಖ ನೋಡುವ ಮೊದಲೇ ನನಗೆ ಗೊತ್ತಾಯಿತು.

"ಯಕ್ಕಾ."

"ದಪ್ಪ ಆಗೀಬೇ" ಅಂದಳು.

ಮಕ್ಕಳು, ಮೊಣಕಾಲು ನೋವು, ಸವದತ್ತಿಯ ನೀರಿನ ತಾಪತ್ರಯ ಎಲ್ಲ ಮಾತಾಡಿದೆವು. ಕೊನೆಗೆ ತಡೆಯಲಾರದೆ ಕೇಳಿದೆ, "ಇನ್ನೂ ತೆಗೀತೀಯೇನು?"

"ತೆಗೀತೇನಿ. ಬಾಜೂ ಮನ್ಯಾಗ ಒಬ್ಬಾಕಿ ಅದಾಳ. ಆಕಿ ಮಾತ ಬರೀತಾಳ."

ನಾನು ಇಲ್ಲಿ ಇನ್ನೊಬ್ಬರ ಗೆರೆಗೆ ಬಾಯಿ ಕೊಡಲಾರದೆ ಎಲ್ಲ ಕಟ್ಟಿಟ್ಟು ಕುಳಿತಿದ್ದೆ, ಇವಳು ಅಲ್ಲಿ ಹೊಸ ಸಂಸಾರ ಹೂಡಿದ್ದಳು. ಚೀಲದಿಂದ ಒಂದು ಪುಸ್ತಕ ತೆಗೆದು ಕೈಗಿತ್ತಳು. ಮದುವೆಯಲ್ಲಿ ನಾನು ಸಿಗಬಹುದೆಂದು ತಂದಿದ್ದಳೇನೋ, ನಾನು ಕೇಳಲಿಲ್ಲ. ತಪ್ಪು ಹುಡುಕಲೆಂದೇ ಓದಿದೆ. ಸಿಗಲಿಲ್ಲ. ಆ ಹೆಂಗಸು ಅಳೆದು ತೂಗಿ ಬರೆದಿದ್ದಳು, ಪುಗ್ಗಾದಲ್ಲಿ ಇನ್ನೂ ಜಾಗ ಉಳಿಯುವಷ್ಟು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಕಥೆ. ಗೆರೆ ಮೊದಲಿಗಿಂತ ಪಳಗಿತ್ತು. ಒಂದು ಹಾಳೆಯಲ್ಲಿ ನನ್ನ ಕೈ ನಿಂತಿತು. ಪಾಳಿಯ ಕೊನೆಯಲ್ಲಿ, ಎಲ್ಲರ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮಾಕಿ ನಿಂತಿದ್ದಳು. ನೀರು ಬಂದಿದೆ, ಎಲ್ಲರೂ ಕೂಗಾಡುತ್ತಿದ್ದಾರೆ, ಅವಳ ಬಾಯಿ ಮುಚ್ಚಿತ್ತು. ಕಿವಿಯ ಹತ್ತಿರ ಕೂದಲು ಒಂದಿಷ್ಟು ಬೆಳ್ಳಗಾಗಿತ್ತು.

"ಈಕಿ ಯಾಕ ಸುಮ್ಮನ ನಿಂತಾಳ?" ಅಂದೆ.

"ಬಾಜೂ ಮನ್ಯಾಕಿ ಈಕಿಗೂ ಮಾತ ಬರದ ಕೊಟ್ಟಿದ್ಲು. ಚೊಲೋನ ಇದ್ವು." ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ನಾನ ಅಳಿಸಿದೆ. ಬ್ಯಾರೆ ಯಾರೋ ಮಾತಾಡಿದಂಗ ಆತು."

ಅಷ್ಟರಲ್ಲಿ ಹೊರಗಿನಿಂದ ನಮ್ಮ ಕಡೆಯವರು ಕೂಗಿದರು, "ಏ, ಗಾಡಿ ಬಿಡ್ತೈತಿ, ಬರ್ತೀರೋ ಇಲ್ಲೋ?" ಅಕ್ಕ ಪುಸ್ತಕವನ್ನು ವಾಪಸು ಕೇಳಲಿಲ್ಲ. ಹೋಗು ಎಂಬಂತೆ ನನ್ನ ತೋಳು ತಟ್ಟಿದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಗಾಡಿ ಹತ್ತಿದೆ.

ಅರ್ಧ ದಾರಿ ಪುಸ್ತಕವನ್ನು ಮಡಿಲಲ್ಲಿ ಹಾಗೇ ಹಿಡಿದುಕೊಂಡಿದ್ದೆ. ಯರಗಟ್ಟಿ ಹಿಂದೆ ಬಿದ್ದ ಮೇಲೆ, ಆ ಪಾಳಿಯಲ್ಲಿ ನಿಂತು ನಮ್ಮಾಕಿ ನಲ್ಲಿಯ ನೀರಿಗೆ ಏನನ್ನಬೇಕಾಗಿತ್ತು ಎಂಬುದು ನನ್ನ ಬಾಯಿಗೆ ಬಂತು. ಗಾಡಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟೆ.

"ಇಷ್ಟ ದಿನಾ ಎಲ್ಲಿ ಹೋಗಿದ್ದಿಬೇ? ನಿನ್ನ ದಾರಿ ನೋಡಿ ನೋಡಿ ಕೊಡಾನೂ ಮುದುಕ ಆತು."

ಪಕ್ಕದಲ್ಲಿ ತೂಕಡಿಸುತ್ತಿದ್ದ ನನ್ನ ಗಂಡ ಕಣ್ಣು ಬಿಟ್ಟರು. "ಯಾರಿಗಿ ಅಂದಿ?"

"ನಿಮಗಲ್ಲ ಬಿಡ್ರಿ" ಅಂದೆ.